ಬೋರಿನ ಸ್ಟಾರ್ಟರ್

ಕಾರು ಸೊಂಟದ ಮಟ್ಟಕ್ಕೆ ಇಳಿದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಮನೆ ಪಕ್ಕದ ಗ್ಯಾರೇಜಿನಲ್ಲಿ ಕಾರು ಎತ್ತುವ ಲಿಫ್ಟು ಎರಡು ಕಂಬಗಳ ನಡುವೆ ಅಲ್ಲೇ ನಿಂತಿತು. ತೋಟಪ್ಪ ಬಗ್ಗಿ ನೋಡಿದ. ಇಂಜಿನ್ ಕೆಳಗೆ ಎಣ್ಣೆ ಹನಿಯುತ್ತಿತ್ತು. ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ. ಹನ್ನೆರಡಕ್ಕೆ ಯಾವಗಲ್ ಊರಿನ ಮಾಸ್ತರರು ಕಾರು ಒಯ್ಯಲು ಬರುವವರಿದ್ದರು. ಬೋಲ್ಟು ತಿರುವುವ ಪಾನಾ ಹಿಡಿದು, ಗೋಣಿಚೀಲ ಹಾಸಿ, ಅಂಗಾತ ಮಲಗಿ ಒಳಗೆ ಜಾರಿದ.

ಚಹಾ ತಂದ ಹೆಂಡತಿ ನೇತ್ರಾಳಿಗೆ ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಕಂಡವು. ಅವಳು ಗೋಡೆಯ ಮೇಲಿನ ಡಬ್ಬಿ ನೋಡಿದಳು.

ಲಿಫ್ಟಿನ ಸ್ವಂತ ಸ್ವಿಚ್ಚನ್ನು ಒತ್ತಿ ಹಿಡಿದರಷ್ಟೇ ಲಿಫ್ಟು ನಡೆಯುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಮೊನ್ನೆ ಆ ಸ್ವಿಚ್ಚು ಸುಟ್ಟಾಗ ತೋಟಪ್ಪನ ಅಣ್ಣ ಮಾಳಪ್ಪ ಹೊಲದ ಬೋರಿನ ಆಟೋ ಸ್ಟಾರ್ಟರ್ ಬಿಚ್ಚಿ ತಂದು ಇಲ್ಲಿ ಕೂಡಿಸಿದ್ದ. ಕರೆಂಟು ಯಾವಾಗ ಬಂದರೂ ಪಂಪು ತಾನೇ ಶುರುವಾಗಲಿ ಎಂದು ಮುಶಿಗೇರಿಯ ರೈತರು ಹಾಕಿಸಿಕೊಳ್ಳುವ ಡಬ್ಬಿ ಅದು. "ಇನ್ನ ಗುಂಡಿ ಒತ್ತಿ ನಿಂದ್ರೂ ಕೆಲಸ ಇಲ್ಲ ನೋಡ" ಎಂದು ಮಾಳಪ್ಪ ಮೀಸೆ ತಿರುವಿದ್ದ. ಲಿಫ್ಟನ್ನು ಏರಿಸುವ, ಇಳಿಸುವ ಹಿಡಿಕೆ ಈಗ ಇಳಿಸುವ ಕಡೆಗೇ ಇತ್ತು.

"ರೀ, ಹೊರಗ ಬರ್ರಿ! ಕರೆಂಟ ಬಂದ್ರ ಕಾರ ತಾನ ಇಳಿತೈತಿ."

"ಒಂದ ತಾಸ ಬರೂದಿಲ್ಲಂತ ಲೈನ್‌ಮನ್ ಹೇಳ್ಯಾನ. ಎರಡ ಸುತ್ತ ಉಳದೈತಿ."

"ಲೈನ್‌ಮನ್ ಮಾತ ನಂಬತೀರಿ, ನನ್ನ ಮಾತ ನಂಬೂದಿಲ್ಲ!"

"ತಲಿ ತಿನಬ್ಯಾಡ. ಚಹಾ ಇಟ್ಟ ನಡಿ!"

ಅವಳು ಅವನ ಕಾಲು ಹಿಡಿದು ಎಳೆದಳು. ಅವನು ಒದ್ದು ಬಿಡಿಸಿಕೊಂಡ. ನೇತ್ರಾ ಮಾಳಪ್ಪನಿಗೆ ಫೋನ್ ಹಚ್ಚಿದಳು.

"ಬಾವಾರ, ಈ ಡಬ್ಬಿ ಬಂದ್ ಮಾಡೂದು ಹ್ಯಾಂಗ್ರಿ? ಇವರು ಕಾರಿನ ಕೆಳಗ ಅದಾರ."

"ಕೆಳಗ? ಅಂವಗೇನ ಹುಚ್ಚ ಹಿಡದೈತೇನ? ಸಣ್ಣ ಗುಂಡಿ ಐತಿ ನೋಡವಾ, ಬಲಕ್ಕ ತಿರುವು. ತಡಿ, ತಡಿ... ಡಬ್ಬಿ ನಾ ತಲಿಕೆಳಗ ಕೂಡ್ರಿಸೀನಿ. ಅಂದ್ರ ಎಡಕ್ಕ. ಅಲ್ಲಲ್ಲ... ಏನೂ ಮುಟ್ಟಬ್ಯಾಡ, ನಾನ ಬರ್ತೀನಿ."

"ನೀವು ಬರೂತನಕ ಕರೆಂಟ ಕಾಯತೈತೇನ್ರಿ?"

ಫೋನನ್ನು ಸ್ಟೂಲಿನ ಮೇಲೆ ಒಗೆದಳು. ಡಬ್ಬಿಯ ಗುಂಡಿ ಮುಟ್ಟಲಿಲ್ಲ. ಡಬ್ಬಿಯ ಮೇಲ್ಗಡೆ ಗ್ಯಾರೇಜಿಗೆ ಕರೆಂಟು ಕೊಡುವ ಮೂರು ಬಿಳಿ ಪಿಂಗಾಣಿ ಫ್ಯೂಜುಗಳಿದ್ದವು. ಮೊದಲನೆಯದನ್ನು ಕಿತ್ತಳು, ಬಂತು. ಎರಡನೆಯದೂ ಬಂತು. ಮೂರನೆಯದು ಅಲುಗಲಿಲ್ಲ. ಸೆರಗು ಸುತ್ತಿ, ಗೋಡೆಗೆ ಕಾಲು ಕೊಟ್ಟು ಎಳೆದಳು. ಕಿತ್ತು ಬಂದ ರಭಸಕ್ಕೆ ಹಿಂದಕ್ಕೆ ಬಿದ್ದಳು.

ಅವಳು ಬಿದ್ದಿದ್ದೇ ತಡ, ಓಣಿಯ ಕೊನೆಯ ಹಿಟ್ಟಿನ ಗಿರಣಿ ಗುಂಯ್ ಎಂದು ಶುರುವಾಯಿತು.

ಕಾರು ಇದ್ದಲ್ಲೇ ಇತ್ತು.

ತೋಟಪ್ಪ ಎರಡು ಸುತ್ತು ಮುಗಿಸಿಯೇ ಹೊರಗೆ ಬಂದ. "ಗಿರಣಿ ಶುರು ಆತು, ನಮ್ಮಲ್ಲೆ ಯಾಕ ಕರೆಂಟಿಲ್ಲ?" ಎನ್ನುತ್ತ ಫ್ಯೂಜಿನ ಬೋರ್ಡಿನ ಹತ್ತಿರ ಹೋದ. "ಫ್ಯೂಜ್ ಕಿತ್ತಿಯೇನ? ನಿನಗ ಬುದ್ಧಿ..." ಇಳಿಸುವ ಕಡೆಗಿದ್ದ ಹಿಡಿಕೆಯ ಮೇಲೆ ಕಣ್ಣು ಬಿತ್ತು. ಅವನು ತಿರುಗಿ, ಕಾರಿನ ಕೆಳಗೆ ತಾನು ಮಲಗಿದ್ದ ಗೋಣಿಚೀಲ ನೋಡಿದ.

ಎರಡು ಫ್ಯೂಜುಗಳು ನೆಲದ ಮೇಲಿದ್ದವು. ಮೂರನೆಯದು ಗೋಡೆಗೊರಗಿ ಕೂತಿದ್ದ ನೇತ್ರಾಳ ಮುಷ್ಟಿಯಲ್ಲಿತ್ತು.

"ಕೊಡು" ಎಂದ, ಮೆಲ್ಲಗೆ.

"ಹೊರಗ ಬಂದ್ರಲ್ಲ, ತಗೋರಿ" ಎಂದು ಅವಳು ಕೈ ಮುಂದೆ ಚಾಚಿದಳು. ಆದರೆ ಬಿಗಿದ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳಲಿಲ್ಲ. ತೋಟಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಎಣ್ಣೆ ಹತ್ತಿದ ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.