ಕ್ಲೈಮ್ಯಾಕ್ಸ್ ಸರಿಯಿಲ್ಲ

ನೋಡಲು ಬಂದ ಗಂಡುಗಳನ್ನೆಲ್ಲ ಮೊಮ್ಮಗಳು ಬೇಡವೆಂದಿದ್ದಳು. ಹಿರಿಯರು ನೋಡಿ ಒಪ್ಪಿದ ಸಂಬಂಧವೇ ಆಗಬೇಕೆಂಬುದು ನನ್ನ ಮಗನ ಹಟ. ಅವಳ ಗೆಳತಿಯ ಮನೆಯವರು ಹೇಳಿ ಕಳಿಸಿದ ಈ ಹುಡುಗನೂ ಎಲ್ಲಿ ತಪ್ಪಿಹೋಗುತ್ತಾನೋ ಎಂದು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾನು ಒಳಗೆ ಬಂದದ್ದನ್ನು ನೋಡಿ ಅವನು ತಟ್ಟನೆ ಎದ್ದು, ಒರಗು ದಿಂಬಿದ್ದ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಿದ್ದ. ಅಷ್ಟಕ್ಕೇ ನಾನು ಸೋತಿದ್ದೆ.

ಮಾತು ಮುಂದುವರಿಯಲೆಂದು ಹುಡುಗನ ತಾಯಿ ಕೇಳಿದರು: "ಈಚೆಗೆ ಯಾವ್ಯಾವ ಸಿನಿಮಾ ನೋಡ್ದೆಯಮ್ಮಾ?"

"ಒಂದು ದೆವ್ವದ್ದು ನೋಡ್ದೆ ಆಂಟಿ. ದೆವ್ವಕ್ಕಿಂತ ಹೀರೋ ಮೇಕಪ್ ನೋಡೇ ಭಯ ಆಯ್ತು," ಎಂದಳು ಮೊಮ್ಮಗಳು.

"ಕಾಮಿಡಿ ಚೆನ್ನಾಗಿತ್ತಲ್ವಾ?" ಎಂದ ಹುಡುಗ.

"ಅದು ಕಾಮಿಡೀನಾ? ಪಕ್ಕದ ಸೀಟಿನವರ ಗೊರಕೆ ವಾಸಿ."

ನನ್ನ ಮಗ ಕೆಮ್ಮಿದ. ನಾನು ಕಣ್ಸನ್ನೆ ಮಾಡಿದೆ. ಅವಳು ಇತ್ತ ನೋಡಲೇ ಇಲ್ಲ.

"ಹೋಗ್ಲಿ, ಆ ಅಣ್ಣ-ತಂಗಿ ಸಿನಿಮಾ?" ತಾಯಿಯ ಮುಖ ಅರಳಿತು. "ನಾನಂತೂ ಎರಡು ಸಲ ನೋಡ್ದೆ."

ಹೂಂ ಅನ್ನೇ ಕಂದಾ, ಎಂದು ಮೊಮ್ಮಗಳನ್ನು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಯ್ಯೋ, ಬರೀ ಗೋಳು ಆಂಟಿ. ಆ ಕ್ಲೈಮ್ಯಾಕ್ಸಲ್ಲಿ ನಂಗೆ ನಗು ತಡೆಯೋಕೇ ಆಗ್ಲಿಲ್ಲ."

ತಾಯಿ ಕಾಫಿ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಇದೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಹುಡುಗ ತಡೆಯಲಾರದೆ ಬಾಯಿಬಿಟ್ಟ:

"ಸುಳ್ಳಿ! ಅತ್ತೂ ಅತ್ತೂ ನನ್ನ ಶರ್ಟಿನ ತೋಳೆಲ್ಲ ಒದ್ದೆ ಮಾಡಿದ್ದು ಯಾರು?"