ಏರುವ ಗೆರೆ

ಪರದೆಯ ಮೇಲಿನ ಕೆಂಪು ಗೆರೆ ಏರತೊಡಗಿದಾಗ ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದರು. ರಾಸಾಯನಿಕ ಬೆರೆಸುವ ರಿಯಾಕ್ಟರಿನ ಕಾವು ಅಷ್ಟು ಬೇಗ ಏರಬಾರದು. ಹಾಗೆ ಏರಿದ್ದು ಒಮ್ಮೆ ಮಾತ್ರ, ಹೋದ ವರ್ಷ. ಅಂದು ಆಪರೇಟರ್ ಒಬ್ಬ ಸುಟ್ಟು ಸತ್ತಿದ್ದ.

ಸತ್ತವನ ತಂಗಿ ಈಗ ಅವರ ಮುಂದೆಯೇ ಕೂತಿದ್ದಳು. ಜನರ ಬಾಯಿ ಮುಚ್ಚಿಸಲು ಅವಳಿಗೆ ಕೆಲಸ ಕೊಟ್ಟವರು ಅವರೇ. ಹುಡುಗಿ ಚುರುಕು. ರಾಸಾಯನಿಕ ಎಷ್ಟು ಸುರಿದರೆ ಎಷ್ಟು ಕಾವು ಹುಟ್ಟುತ್ತದೆ, ಅದರಲ್ಲಿ ತಣ್ಣೀರು ಎಷ್ಟನ್ನು ಹೀರುತ್ತದೆ ಎಂಬುದನ್ನೆಲ್ಲ ಸಮೀಕರಣಗಳಲ್ಲಿ ಹಿಡಿದಿಟ್ಟು, ರಿಯಾಕ್ಟರ್ ಮುಂದೇನು ಮಾಡೀತೆಂದು ಕಂಪ್ಯೂಟರ್ ಮೊದಲೇ ಹೇಳುವಂತೆ ಮಾಡಿದ್ದಳು. ಮ್ಯಾನೇಜರಿಗೂ ಅದು ಅನುಕೂಲವೇ ಆಗಿತ್ತು. ಅಪಘಾತದ ನಂತರ ಅವರು ರಿಯಾಕ್ಟರಿನ ಹತ್ತಿರ ಸುಳಿದವರಲ್ಲ. ಪರದೆ ಇರುವಾಗ ಕೆಳಗಿಳಿಯುವ ಉಸಾಬರಿ ಯಾಕೆ?

"ತಣ್ಣೀರು ಬಿಡಮ್ಮ."

"ಬಿಟ್ಟಿದೀನಿ ಸರ್. ವಾಲ್ವು ಮಾತು ಕೇಳ್ತಾ ಇಲ್ಲ."

ಅವಳ ದನಿಯಲ್ಲಿ ಭಯವೇ ಇರಲಿಲ್ಲ. ಅದೇ ಅವರನ್ನು ಎಚ್ಚರಿಸಿತು. ಇಷ್ಟು ದಿನ ತಲೆ ತಗ್ಗಿಸಿ 'ಸರ್' ಎನ್ನುತ್ತಿದ್ದವಳು ಒಳಗೊಳಗೇ ಹಲ್ಲು ಮಸೆಯುತ್ತಿದ್ದಳೆಂದು ಈಗ ಹೊಳೆಯಿತು. ಅವಳ ಎಡಗೈ ಮೇಜಿನಂಚಿನ ಗುಂಡಿಯೊಂದನ್ನು ಒತ್ತಿ ಹಿಡಿದಿತ್ತು. ವಾಲ್ವನ್ನು ತಡೆದದ್ದು ಅದೇ ಇರಬೇಕು. ಗೆರೆ ಮಾತ್ರ ಅವಳ ಲೆಕ್ಕ ಹೇಳಿದ ಜಾಡಿನಲ್ಲೇ, ಕೂದಲೆಳೆಯಷ್ಟೂ ಆಚೀಚೆಯಾಗದೆ ಏರುತ್ತಿತ್ತು.

"ಏನ್ ಮಾಡಿದೀಯ ನೀನು? ನನ್ ಜೊತೆ ನೀನೂ ಸಾಯ್ತೀಯ."

"ನಮ್ಮನೇಲಿ ಹೋದ ವರ್ಷವೇ ಎಲ್ಲಾ ಸತ್ತಿದೀವಿ ಸರ್. ಅಣ್ಣ ನಿದ್ದೆ ಮಾಡ್ತಾ ಇದ್ದ ಅಂತ ವಿಚಾರಣೇಲಿ ಹೇಳಿದ್ರಿ. ಅವತ್ತಿಂದ ಅಮ್ಮ ಯಾರಿಗೂ ಮುಖ ತೋರಿಸಿಲ್ಲ." ಅವಳು ಮೆಟ್ಟಿಲ ಕಡೆ ಕಣ್ಣು ಹಾಯಿಸಿದಳು. "ಕೆಳಗೆ ಕೈವಾಲ್ವಿದೆ. ಎದ್ದು ತಿರುಗಿಸಿದ್ರೆ ಸಾಕಿತ್ತು, ಮಗು ಕೂಡ ತಿರುಗಿಸ್ತಿತ್ತು ಅಂದಿದ್ರಿ. ಹೋಗಿ, ತಿರುಗಿಸಿ."

ಗೆರೆ ಅಪಾಯದ ಮಿತಿ ದಾಟಿತು. ಗಂಟೆ ಕಿರುಚತೊಡಗಿತು. ಮ್ಯಾನೇಜರ್ ಅವಳತ್ತ ಬಾಗಿ ಕೂಗಿದರು.

"ತಿರುಗಿಸಿದ್ರೂ ನೀರು ಬರಲ್ಲ. ಅವತ್ತೂ ಬರಲಿಲ್ಲ. ನೀರು ಸೋರಿ ಸರಕು ಕೆಡುತ್ತೆ ಅಂತ ಆ ವಾಲ್ವಿಗೆ ಬರೋ ಪೈಪನ್ನ ನಾನೇ ಮುಚ್ಚಿಸಿದ್ದೆ. ನಿಮ್ಮಣ್ಣ ನಿದ್ದೆ ಮಾಡಿರಲಿಲ್ಲ, ಕೊನೇವರೆಗೂ ತಿರುಗಿಸ್ತಾನೇ ಇದ್ದ. ಸಾಕಾ? ಈಗ ನಿಲ್ಸು ಇದನ್ನ."

ಅವಳ ಕಣ್ಣು ತುಂಬಿ ಬಂತು. ಆದರೆ ಅವಳು ಏನನ್ನೂ ನಿಲ್ಲಿಸಲಿಲ್ಲ.

ಮ್ಯಾನೇಜರ್ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಅಂಗಳಕ್ಕೆ ಓಡಿದರು. "ಓಡ್ರಪ್ಪಾ, ಸಿಡಿಯುತ್ತೆ" ಎಂದು ಕೂಗಿದರು.

ಅಂಗಳದಲ್ಲಿ ಪಾಳಿಯ ಕೆಲಸಗಾರರೆಲ್ಲ ನಿಂತಿದ್ದರು. ಅವರ ನಡುವೆ ಸತ್ತವನ ತಾಯಿ, ಮುಖದ ಮೇಲಿನ ಸೆರಗು ಸರಿಸಿ, ತಲೆಯೆತ್ತಿ. ಒಬ್ಬರೂ ಕದಲಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಗೋಡೆಯ ಮೇಲಿನ ಧ್ವನಿವರ್ಧಕದಲ್ಲಿ ತಂಗಿಯ ದನಿ ಕೇಳಿತು: "ನಾನು ಒತ್ತಿ ಹಿಡಿದಿದ್ದು ಮೈಕಿನ ಗುಂಡಿ. ನೀವು ಹೇಳಿದ್ದೆಲ್ಲಾ ಅಮ್ಮನಿಗೆ ಕೇಳಿಸ್ತು ಸರ್. ಗಾಬರಿ ಬೇಡ, ರಿಯಾಕ್ಟರ್ ಬೆಳಗ್ಗೆಯಿಂದ ಖಾಲಿ ಇದೆ. ಪರದೆ ಮೇಲೆ ಏರ್ತಾ ಇದ್ದದ್ದು ಬರೀ ನನ್ನ ಲೆಕ್ಕ."