ಮ್ಯಾಮತ್ ಹೊತ್ತ ಆನೆ

ಚಾಕು ಹಿಡಿದ ಡಾಕ್ಟರಮ್ಮನ ಮಣಿಕಟ್ಟಿಗೆ ಹೆರಿಗೆನೋವಿನಲ್ಲಿದ್ದ ಆನೆ ಸೊಂಡಿಲು ಸುತ್ತಿತು. ಅದರ ಗರ್ಭದಲ್ಲಿ ಅಡ್ಡವಾಗಿ ಸಿಕ್ಕಿಕೊಂಡಿದ್ದುದು ಎಂದೋ ಅಳಿದುಹೋದ ಹಿಮಯುಗದ ಕೂದಲಾನೆ ಮ್ಯಾಮತ್‌ನ ಮರಿ. ಪ್ರಯೋಗಾಲಯದಲ್ಲಿ ಅದಕ್ಕೆ ಜೀವ ಕೊಟ್ಟವನು ಡಾಕ್ಟರಮ್ಮನ ತಮ್ಮ. ಹೊಟ್ಟೆ ಕೊಯ್ದರೆ ಮರಿ ಉಳಿಯುತ್ತದೆ, ಆನೆ ಉಳಿಯುವುದಿಲ್ಲ; ಕೊಯ್ಯದಿದ್ದರೆ ಆನೆ ಉಳಿಯುತ್ತದೆ, ಮರಿ ಉಳಿಯುವುದಿಲ್ಲ.

“ಕೊಯ್ಯೇ ಅಕ್ಕಾ,” ತಮ್ಮ ಬೇಡಿಕೊಂಡ. “ಸಾವಿರಾರು ವರ್ಷದಿಂದ ಕಾದಿದೆ ಕಣೇ ಅದು.”

“ಅಷ್ಟು ಕಾದಿದ್ದು ಇನ್ನೂ ಸ್ವಲ್ಪ ಕಾಯಲಿ ಬಿಡು. ಸೂಜಿ ಚುಚ್ಚೋವಾಗೆಲ್ಲ ಇವಳು ಹಿಡ್ಕೊಳ್ತಿದ್ದದ್ದು ನಿನ್ನ ಕೈ ತಾನೆ? ತಗೋ, ನೀನೇ ಕೊಯ್ಯಿ,” ಎಂದು ಅಕ್ಕ ಚಾಕುವನ್ನು ಅವನತ್ತ ಚಾಚಿದಳು.

ಅವನು ತೆಗೆದುಕೊಂಡ. ಆನೆ ಡಾಕ್ಟರಮ್ಮನ ಮಣಿಕಟ್ಟು ಬಿಟ್ಟು ಅವನ ಕೈಗಾಗಿ ತಡಕಾಡಿತು. ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ಮರಿಯ ಎದೆ ಇನ್ನೂ ಬಡಿಯುತ್ತಿತ್ತು. ಚಾಕು ಕೆಳಗಿಟ್ಟು ಆ ಪರದೆಯನ್ನು ಆರಿಸಿದವನು ತಮ್ಮನೇ ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ.